ಎದೆಬಡಿತ ಬರೆದಿಟ್ಟರೆ ಸಾಲದು, ಓದುವವರು ಬೇಕು

2025ರ ಜುಲೈ ಮೊದಲ ವಾರ. ಹಾಸನ ಜಿಲ್ಲೆಯಲ್ಲಿ ಇನ್ನೂ ನಡುವಯಸ್ಸು ಮುಟ್ಟದವರು ಎದೆ ಹಿಡಿದುಕೊಂಡು ಕುಸಿದು ಸತ್ತ ಸುದ್ದಿ ದಿನ ಬಿಡದೆ ಬರುತ್ತಿತ್ತು. ಬೆಂಗಳೂರು, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಜನ ಸಾಲು ನಿಂತರು. ಹಾಸನದಿಂದ ರಾಜಧಾನಿಗೆ ಹೋಗುವ ಹೆದ್ದಾರಿ ಕುಣಿಗಲ್ ಮೇಲೆಯೇ ಹಾಯುತ್ತದೆ. ಭಯವೂ ಅದೇ ದಾರಿ ಹಿಡಿದು ತುಮಕೂರು ಜಿಲ್ಲೆಗೆ ಬಂತು. ಆ ದಿನಗಳಲ್ಲಿ ಗುಬ್ಬಿ, ಕುಣಿಗಲ್ ಕಡೆಯ ಪರಿಚಯದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆ ಒಂದೇ: "ಎದೆಬಡಿತ ನೋಡೋ ವಾಚ್ ಬಂದಿದೆಯಲ್ಲ, ಅಪ್ಪನಿಗೆ ಒಂದು ಕೊಡಿಸಿಬಿಟ್ಟರೆ ಧೈರ್ಯವಾಗಿರಬಹುದಾ?"

ಈ ಕಾಳಜಿಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮಕ್ಕಳು ಪೀಣ್ಯದಲ್ಲೋ ವೈಟ್‌ಫೀಲ್ಡ್‌ನಲ್ಲೋ ಕೆಲಸದಲ್ಲಿರುತ್ತಾರೆ. ತೋಟದ ಮನೆಯಲ್ಲಿ ವಯಸ್ಸಾದ ತಂದೆತಾಯಿ ಇಬ್ಬರೇ. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಹಾಸನದ ಸಾವುಗಳನ್ನು ಪರಿಶೀಲಿಸಿ, ಅವುಗಳ ಪ್ರಮಾಣ ಅಸಹಜವಾಗಿ ಏರಿಲ್ಲ ಎಂದು ವರದಿ ಕೊಟ್ಟಿತು. ಸಮಾಧಾನದ ಮಾತೇ. ಆದರೆ ಏರದೆಯೂ ಆ ಪ್ರಮಾಣ ದೊಡ್ಡದೇ. ಭಾರತದ ಒಟ್ಟು ಸಾವುಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಪಾಲು 1990ರಲ್ಲಿ ಶೇ 15.2 ಇತ್ತು. 2016ರ ಹೊತ್ತಿಗೆ ಅದು ಶೇ 28.1 ಆಗಿತ್ತು. ಹಾಗಾಗಿ ಆ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಲಾಗದು. ಮೈಮೇಲೆ ತೊಡುವ ಹೃದಯ ಸಾಧನಗಳು ಏನನ್ನು ಅಳೆಯುತ್ತವೆ, ಅವನ್ನು ಯಾರು ಮಾಡುತ್ತಿದ್ದಾರೆ, ಅವುಗಳಿಂದ ಪ್ರಾಣ ಉಳಿದದ್ದಕ್ಕೆ ಆಧಾರವೇನು, ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ದಾರಿಯಲ್ಲಿ ಅವು ಎಷ್ಟು ದೂರ ಬಂದಾವು ಎಂಬುದನ್ನೆಲ್ಲ ಇಲ್ಲಿ ಒಂದೊಂದಾಗಿ ನೋಡೋಣ.

ಬೆಳಕಿನ ಲೆಕ್ಕ, ವಿದ್ಯುತ್ತಿನ ಲೆಕ್ಕ

ಅಂಗಡಿಯಲ್ಲಿ ಎರಡು ಸಾವಿರ ರೂಪಾಯಿಗೆ ಸಿಗುವ ವಾಚಿನ ಬೆನ್ನು ತಿರುಗಿಸಿ ನೋಡಿದರೆ ಹಸಿರು ಬೆಳಕು ಮಿನುಗುತ್ತಿರುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಎದೆ ಬಡಿದಾಗಲೆಲ್ಲ ಚರ್ಮದಡಿಯ ಸಣ್ಣ ರಕ್ತನಾಳಗಳು ಉಬ್ಬುತ್ತವೆ, ವಾಪಸು ಬರುವ ಬೆಳಕು ಅಷ್ಟರಮಟ್ಟಿಗೆ ತಗ್ಗುತ್ತದೆ. ಆ ಏರಿಳಿತವನ್ನು ಎಣಿಸಿ ವಾಚು ನಿಮಿಷಕ್ಕೆ ಇಷ್ಟು ಬಡಿತ ಎನ್ನುತ್ತದೆ. ಅದು ನೋಡುವುದು ನಾಡಿಯನ್ನು. ಹೃದಯ ಅದಕ್ಕೆ ಕಾಣುವುದಿಲ್ಲ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಅಗ್ಗದ ವಾಚೊಂದನ್ನು ಬಾಳೆಹಣ್ಣಿಗೋ ಸುತ್ತಿಟ್ಟ ಟವೆಲಿಗೋ ಕಟ್ಟಿ ನೋಡಿ. ಎಷ್ಟೋ ವಾಚುಗಳು ಎಪ್ಪತ್ತು, ಎಂಬತ್ತು ಎಂದು ಅಂಕಿ ತೋರಿಸುತ್ತವೆ. ಬಾಳೆಹಣ್ಣಿಗೆ ಹೃದಯವಿಲ್ಲ. ಬೆಳಕು ಹೇಗೋ ಚದುರಿ ವಾಪಸು ಬಂದಿದೆ, ಒಳಗಿನ ಲೆಕ್ಕ ಅದನ್ನೇ ಬಡಿತ ಎಂದುಕೊಂಡಿದೆ. ಕೈ ಆಡುತ್ತಿದ್ದರೆ ತಪ್ಪು ಇನ್ನೂ ಹೆಚ್ಚು. ಅಡಿಕೆ ಮರ ಹತ್ತುವ ಕೊನೆಗಾರ, ಗುದ್ದಲಿ ಹಿಡಿದವರು, ಟ್ರ್ಯಾಕ್ಟರ್ ಓಡಿಸುವವರು ಇವರ ಮಣಿಕಟ್ಟು ನಿಂತಲ್ಲಿ ನಿಲ್ಲುವುದಿಲ್ಲ.

ಅಂಕಿ ಸರಿಯಿದ್ದರೂ ಅದೊಂದೇ ಏನನ್ನೂ ಹೇಳಿಬಿಡದು. ಕುಣಿಗಲ್ ಸ್ಟಡ್ ಫಾರಂನಲ್ಲಿ ಬೆಳೆಯುವ ಕುದುರೆಯ ಎದೆ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಮೂವತ್ತು ನಲವತ್ತು ಸಲ ಬಡಿಯುತ್ತದೆ, ಓಟದಲ್ಲಿ ಇನ್ನೂರು ದಾಟುತ್ತದೆ. ಅದು ರೋಗವಲ್ಲ, ತಾಕತ್ತು. ಮೈಮುರಿದು ದುಡಿಯುವ ಮನುಷ್ಯರಲ್ಲೂ ವಿಶ್ರಾಂತಿಯ ಬಡಿತ ಐವತ್ತಕ್ಕೆ ಇಳಿಯುವುದುಂಟು. ಇದನ್ನರಿಯದ ವಾಚು ಒಬ್ಬರನ್ನು ಸುಮ್ಮನೆ ಹೆದರಿಸುತ್ತದೆ, ಇನ್ನೊಬ್ಬರಿಗೆ ಸುಳ್ಳು ಸಮಾಧಾನ ಹೇಳುತ್ತದೆ.

ಎರಡನೆಯದು ವಿದ್ಯುತ್ತಿನ ಲೆಕ್ಕ, ಅಂದರೆ ಇಸಿಜಿ. ಹೃದಯ ಕುಗ್ಗುವ ಮೊದಲು ಅದರೊಳಗೆ ಹರಿಯುವ ವಿದ್ಯುತ್ತು ಚರ್ಮದವರೆಗೂ ಬರುತ್ತದೆ. ಅಲ್ಲಿ ಅದರ ಬಲ ಒಂದು ಮಿಲಿವೋಲ್ಟಿನ ಆಸುಪಾಸು. ಡಚ್ ವಿಜ್ಞಾನಿ ವಿಲ್ಲೆಮ್ ಐಂತೋವನ್ ಕಳೆದ ಶತಮಾನದ ಆರಂಭದಲ್ಲಿ ಅದನ್ನು ಚೆನ್ನಾಗಿ ದಾಖಲಿಸಿದಾಗ ಅವರ ಯಂತ್ರ ಸುಮಾರು 270 ಕಿಲೊ ತೂಗುತ್ತಿತ್ತು, ನಡೆಸಲು ಐವರು ಬೇಕಿತ್ತು. ರೋಗಿ ಎರಡೂ ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು. ಅಷ್ಟು ದೊಡ್ಡ ಯಂತ್ರವನ್ನು ಆಸ್ಪತ್ರೆಗೆ ಸಾಗಿಸಲಾಗದೆ ಐಂತೋವನ್ 1905ರಲ್ಲಿ ಒಂದೂವರೆ ಕಿಲೊಮೀಟರ್ ದೂರದ ಆಸ್ಪತ್ರೆಯ ರೋಗಿಯ ಎದೆಬಡಿತವನ್ನು ಟೆಲಿಫೋನ್ ತಂತಿಯ ಮೂಲಕ ಪ್ರಯೋಗಾಲಯಕ್ಕೆ ತರಿಸಿಕೊಂಡರು. ದೂರದ ರೋಗಿ, ನಡುವೆ ತಂತಿ, ಈ ತುದಿಯಲ್ಲಿ ಓದುವ ಕಣ್ಣು: ಇಂದಿನ ಕಂಪನಿಗಳು ಹೊಸದೆಂದು ಮಾರುವ ವ್ಯವಸ್ಥೆಯ ಬೇರು ಅಲ್ಲಿದೆ. 1924ರಲ್ಲಿ ಅವರಿಗೆ ನೊಬೆಲ್ ಬಂತು.

ಇಸಿಜಿಯನ್ನು ಮೈಮೇಲೆ ಹೊರಿಸಿದವರು ಅಮೆರಿಕದ ನಾರ್ಮನ್ ಹೋಲ್ಟರ್. ಅವರ ಮೊದಲ ಯಂತ್ರ ಬೆನ್ನಿಗೆ ಹೊರುವ 38 ಕಿಲೊದ ರೇಡಿಯೊ. ಅದನ್ನು ಕುಗ್ಗಿಸುತ್ತಾ ಬಂದು 1961ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಬಂಧ ಬರೆದರು. ತುಮಕೂರಿನ ವೈದ್ಯರು ಇಂದಿಗೂ "ಒಂದು ಹೋಲ್ಟರ್ ಹಾಕಿಸಿ ನೋಡೋಣ" ಎನ್ನುವಾಗ ಅವರ ಹೆಸರೇ ಬಾಯಿಗೆ ಬರುತ್ತದೆ.

ಬೆಂಗಳೂರಿನಲ್ಲಿ ಯಾರು ಏನು ಮಾಡುತ್ತಿದ್ದಾರೆ

ತುಮಕೂರಿನಿಂದ ಎಪ್ಪತ್ತು ಕಿಲೊಮೀಟರ್ ದೂರದ ಬೆಂಗಳೂರು ಈ ಕೆಲಸದಲ್ಲಿ ಹೊಸ ಊರೇನಲ್ಲ. 1963ರಲ್ಲಿ ಪಾಲಕ್ಕಾಡಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಯೂರಿದ ಬಿಪಿಎಲ್ ಕಂಪನಿಯ ಇಸಿಜಿ ಯಂತ್ರಗಳು ಸಣ್ಣ ನರ್ಸಿಂಗ್ ಹೋಮುಗಳ ಮೇಜಿನ ಮೇಲೆ ದಶಕಗಳಿಂದ ಕೂತಿವೆ. 2007ರ ಕೊನೆಗೆ ಜಿಇ ಕಂಪನಿಯ ಬೆಂಗಳೂರು ಇಂಜಿನಿಯರುಗಳು 'ಮ್ಯಾಕ್ 400' ಎಂಬ ಇಸಿಜಿ ಯಂತ್ರ ತಂದರು. ಬ್ಯಾಟರಿಯಿಂದ ನಡೆಯುವ, ಕೈಯಲ್ಲಿ ಹೊತ್ತೊಯ್ಯಬಹುದಾದ ಯಂತ್ರ. ಬೆಲೆ ಇಳಿಸಲು ಬಸ್ ಟಿಕೆಟ್ ಮುದ್ರಿಸುವ ಯಂತ್ರಗಳ ಮಾದರಿಯ ಪ್ರಿಂಟರನ್ನೇ ಅದಕ್ಕೆ ಒಗ್ಗಿಸಿಕೊಂಡರು. ಹಳ್ಳಿಯ ದೂಳು, ಕೈಕೊಡುವ ಕರೆಂಟು, ಬಡವರ ಜೇಬು ಇವನ್ನು ಮೊದಲೇ ಎಣಿಸಿ ಕೂತರೆ ಯಂತ್ರದ ಆಕಾರವೇ ಬೇರೆಯಾಗುತ್ತದೆ ಎಂಬುದಕ್ಕೆ ಅದೇ ಒಳ್ಳೆಯ ಉದಾಹರಣೆ.

ಈಗಿನ ಕಂಪನಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಅವು ಮೂರು ಬಗೆಯವು.

ಮೊದಲನೆಯದು, ವೈದ್ಯರು ಬರೆದುಕೊಟ್ಟ ಮೇಲೆ ತೊಡುವ ಸಾಧನ. ಬೆಂಗಳೂರಿನ ಕಾರ್ಡಿಯಾಕ್ ಡಿಸೈನ್ ಲ್ಯಾಬ್ಸ್ ಈ ಸಾಲಿನದು. ಇಂಜಿನಿಯರ್ ಆನಂದ್ ಮದನಗೋಪಾಲ್ ಕಟ್ಟಿದ ಈ ಕಂಪನಿ ಮೊದಲು 'ಮಿರ್ಕ್ಯಾಮ್' ಎಂಬ, ದೇಹಕ್ಕೆ ಕಟ್ಟಿಕೊಳ್ಳುವ ಯಂತ್ರ ತಂದಿತು. ಹಳೆಯ ಹೋಲ್ಟರ್ ಬಡಿತಗಳನ್ನು ಬರೆದಿಡುತ್ತದಷ್ಟೇ. ಮರುದಿನ ಬಿಚ್ಚಿಕೊಟ್ಟ ಮೇಲೆ ಯಾರಾದರೂ ಓದಬೇಕು. ಮಿರ್ಕ್ಯಾಮ್ ತೊಟ್ಟಿರುವಾಗಲೇ ಲಯ ತಪ್ಪಿದ್ದನ್ನು ಗುರುತಿಸಿ ವೈದ್ಯರಿಗೆ ತಿಳಿಸಬೇಕೆಂಬುದು ಕಂಪನಿಯ ಉದ್ದೇಶವಾಗಿತ್ತು. ಆಮೇಲೆ ಬಂದದ್ದು 'ಪದ್ಮ ರಿದಮ್ಸ್', ಎದೆಗೆ ಅಂಟಿಸಿಕೊಂಡು ಹೆಚ್ಚು ದಿನ ಇಟ್ಟುಕೊಳ್ಳುವ ಪ್ಯಾಚ್. ಟೆನ್‌ತ್ರೀಟಿ ಹೆಲ್ತ್‌ಕೇರ್ ಎಂಬ ಇನ್ನೊಂದು ಬೆಂಗಳೂರು ಕಂಪನಿಯೂ 'ಸೈಸರ್' ಎಂಬ ಪ್ಯಾಚ್ ರೂಪಿಸಿತು. 2015ರಲ್ಲಿ ಆರಂಭವಾದ ಡೋಜಿ ಕಂಪನಿಯ ಸಾಧನವಂತೂ ಮೈಮುಟ್ಟುವುದೇ ಇಲ್ಲ. ಹಾಸಿಗೆಯಡಿ ಹಾಸಿದ ಹಾಳೆ ಎದೆಬಡಿತದ ಸೂಕ್ಷ್ಮ ಅದುರನ್ನು ಹಿಡಿದು ನರ್ಸುಗಳಿಗೆ ತಿಳಿಸುತ್ತದೆ.

ಎರಡನೆಯದು, ಅಂಗಡಿಯಲ್ಲಿ ನಾವೇ ಕೊಳ್ಳುವ ವಸ್ತು. 2019ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಲ್ಟ್ರಾಹ್ಯೂಮನ್‌ನ ಉಂಗುರ, ನೂರಾರು ಬಗೆಯ ವಾಚುಗಳು, ಡೆಹ್ರಾಡೂನಿನ ಸನ್‌ಫಾಕ್ಸ್ ಕಂಪನಿಯ 'ಸ್ಪಂದನ್' ಎಂಬ, ಫೋನಿಗೆ ಜೋಡಿಸುವ ಪುಟ್ಟ ಇಸಿಜಿ ಎಲ್ಲವೂ ಜನ ನೇರವಾಗಿ ಕೊಳ್ಳುವಂಥವು.

ಮೂರನೆಯದು ಕಣ್ಣಿಗೆ ಬೀಳದ್ದು, ಆದರೆ ನಮ್ಮ ತಾಲ್ಲೂಕುಗಳಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಓದಿ ಹೇಳುವ ಜಾಲ. ಹೃದ್ರೋಗ ತಜ್ಞ ಡಾ. ಚರಿತ್ ಭೋಗರಾಜ್ ತಂತ್ರಜ್ಞರ ಜೊತೆ ಸೇರಿ ಕಟ್ಟಿದ ಬೆಂಗಳೂರಿನ ಟ್ರೈಕಾಗ್ ಕಂಪನಿ ಸಣ್ಣ ಊರಿನ ಕ್ಲಿನಿಕ್ಕಿನಲ್ಲಿ ತೆಗೆದ ಇಸಿಜಿಯನ್ನು ಇಂಟರ್ನೆಟ್ ಮೂಲಕ ತರಿಸಿಕೊಂಡು, ಕಂಪ್ಯೂಟರ್ ಮತ್ತು ವೈದ್ಯರು ಸೇರಿ ನೋಡಿ, ನಿಮಿಷಗಳಲ್ಲಿ ಉತ್ತರ ಕಳಿಸುತ್ತದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಹೆಸರಿನಲ್ಲಿ ಇದೇ ಕೆಲಸವನ್ನು ಯಾವ ಆಡಂಬರವೂ ಇಲ್ಲದೆ ಮಾಡಿದರು. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ದಾನಿಗಳ ನೆರವಿನಿಂದ ಇಸಿಜಿ ಯಂತ್ರ ಕೊಡಿಸಿದರು, ವಾಟ್ಸ್‌ಆ್ಯಪ್ ಗುಂಪು ಕಟ್ಟಿದರು. ಹಳ್ಳಿಯ ವೈದ್ಯರು ಇಸಿಜಿಯ ಫೋಟೊ ಕಳಿಸುತ್ತಾರೆ, ತಜ್ಞರು ನೋಡಿ ಹೇಳುತ್ತಾರೆ.

ಡ್ರಿಪ್ ಪೈಪು ಬೇರೆ, ಕರೆಂಟು ಬೇರೆ

ಹೃದಯಾಘಾತ ಎಂದರೇನು ಎಂಬುದನ್ನು ತೋಟ ಮಾಡುವವರಿಗೆ ಹೇಳುವುದು ಸುಲಭ. ಮೋಟಾರಿಗೆ ಬರುವ ಕರೆಂಟಿನ ಫೇಸು ಏರುಪೇರಾಗುವುದು ಒಂದು ತೊಂದರೆ. ಡ್ರಿಪ್ ಪೈಪಿನೊಳಗೆ ಕಸ ಕಟ್ಟಿ, ನೀರು ಹೋಗದೆ ಗಿಡ ಒಣಗುವುದು ಇನ್ನೊಂದು. ಹೃದಯದ ಲಯ ತಪ್ಪುವುದು ಮೊದಲನೆಯದರಂತೆ. ಹೃದಯದ ಮಾಂಸಕ್ಕೇ ರಕ್ತ ಕೊಡುವ ನಾಳದಲ್ಲಿ ಹೆಪ್ಪುಗಟ್ಟಿ ಆ ಭಾಗ ಸಾಯತೊಡಗುವುದು ಎರಡನೆಯದರಂತೆ. ಜನ ಹೆದರುವ ಹಾರ್ಟ್ ಅಟ್ಯಾಕ್ ಈ ಎರಡನೆಯದು. ವಾಚು, ಪ್ಯಾಚು ಕಾಯುವುದು ಮೊದಲನೆಯದನ್ನು.

ಕಾರಣ ಸರಳ. ಇಸಿಜಿ ಬರುವ ವಾಚಿನಲ್ಲಿ ಒಂದು ಕೈಗೆ ವಾಚು ಕಟ್ಟಿ, ಇನ್ನೊಂದು ಕೈಯ ಬೆರಳನ್ನು ಅದರ ಗುಂಡಿಯ ಮೇಲೆ 30 ಸೆಕೆಂಡು ಇಡುತ್ತೇವೆ. ಹೃದಯವನ್ನು ಒಂದೇ ಕಿಟಕಿಯಿಂದ ಇಣುಕಿದ ಹಾಗೆ. ತಾಲ್ಲೂಕು ಆಸ್ಪತ್ರೆಯ ಇಸಿಜಿ ಮೇಜನ್ನು ನೆನಪಿಸಿಕೊಳ್ಳಿ. ಅಂಗಿ ಬಿಚ್ಚಿ ಅಂಗಾತ ಮಲಗಿಸುತ್ತಾರೆ. ಎದೆಯ ಮೇಲೆ ತಣ್ಣನೆ ಜೆಲ್ಲು ಬೀಳುತ್ತದೆ. ಪಕ್ಕೆಲುಬುಗಳ ಸಂದು ಎಣಿಸಿ ಆರು ರಬ್ಬರು ಬುರುಡೆಗಳನ್ನು ಎದೆಯ ಸುತ್ತ ಕಚ್ಚಿಸುತ್ತಾರೆ, ಕೈಕಾಲಿಗೆ ನಾಲ್ಕು ಕ್ಲಿಪ್ಪು. "ಅಲ್ಲಾಡಬೇಡಿ, ಉಸಿರು ಸಲೀಸಾಗಿ ಬಿಡಿ." ಸೆಕೆಂಡಿಗೆ 25 ಮಿಲಿಮೀಟರ್ ವೇಗದಲ್ಲಿ ಗೀರುಕಾಗದ ಹೊರಬರುತ್ತದೆ. ಆ ಹತ್ತು ಜೋಡಣೆಗಳಿಂದ ಹನ್ನೆರಡು ನೋಟಗಳು. ಯಾವ ಗೋಡೆಯ ಮಾಂಸ ಸಾಯುತ್ತಿದೆ ಎಂಬುದು ಆ ಹನ್ನೆರಡರಲ್ಲಿ ಎರಡು ಮೂರರಲ್ಲಿ ಮಾತ್ರ ಕಾಣಬಹುದು. ಒಂದು ಕಿಟಕಿಯ ವಾಚಿಗೆ ಅದು ಕಾಣದೆ ಹೋಗುವುದು ಸಹಜ. ತನ್ನ ವಾಚು ಹೃದಯಾಘಾತವನ್ನು ಪತ್ತೆ ಮಾಡಲಾರದು ಎಂದು ಆ್ಯಪಲ್ ಕಂಪನಿಯೇ ಸ್ಪಷ್ಟವಾಗಿ ಬರೆದಿದೆ. ಆ ಸಾಲನ್ನು ಓದುವವರು ಕಡಿಮೆ.

ಈ ಸಾಧನಗಳು ಸುಳ್ಳು ಗಾಬರಿ ಹುಟ್ಟಿಸುತ್ತವೆ ಎಂಬ ಟೀಕೆ ಎಲ್ಲೆಡೆ ಇದೆ. ನಮ್ಮ ಕಡೆಯ ದೊಡ್ಡ ಅಪಾಯ ಅದಲ್ಲ ಎಂದು ನನಗನ್ನಿಸುತ್ತದೆ. ನಡುರಾತ್ರಿ ಎದೆ ಬಿಗಿದು, ಎಡಗೈ ಜೋಮು ಹಿಡಿದು, ಮೈ ತಣ್ಣಗೆ ಬೆವರಿದಾಗ ವಾಚು ನೋಡಿ "ನಾರ್ಮಲ್ ತೋರಿಸ್ತಿದೆ, ಗ್ಯಾಸ್ಟ್ರಿಕ್ ಇರಬೇಕು" ಎಂದು ಸೋಡಾ ಕುಡಿದು ಮಲಗುವುದು ನಿಜವಾದ ಅಪಾಯ. ಸುಳ್ಳು ಗಾಬರಿಯಾದರೆ ಒಂದು ದಿನ, ಒಂದಿಷ್ಟು ದುಡ್ಡು ಹೋಗುತ್ತದೆ. ಸುಳ್ಳು ಧೈರ್ಯ ಜೀವವನ್ನೇ ಕೊಂಡೊಯ್ಯುತ್ತದೆ.

ಗಂಟೆಗಳು ಎಲ್ಲಿ ಸೋರುತ್ತವೆ

ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡಾ. ಡೆನಿಸ್ ಝೇವಿಯರ್, ಡಾ. ಪ್ರೇಮ್ ಪಾಯ್ಸ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳ 20,468 ರೋಗಿಗಳನ್ನು ಗಮನಿಸಿ ನಡೆಸಿದ 'ಕ್ರಿಯೇಟ್' ಅಧ್ಯಯನ 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನೋವು ಶುರುವಾದದ್ದರಿಂದ ಆಸ್ಪತ್ರೆ ಸೇರುವವರೆಗೆ ಹಿಡಿದ ಮಧ್ಯಮ ಅವಧಿ 360 ನಿಮಿಷ, ಅಂದರೆ ಆರು ಗಂಟೆ. ಆಸ್ಪತ್ರೆ ಸೇರಿದ ಮೇಲೆ ಹೆಪ್ಪು ಕರಗಿಸುವ ಮದ್ದು ಕೊಡಲು ಹಿಡಿದದ್ದು 50 ನಿಮಿಷ. ಆರು ಗಂಟೆ ಹೋದದ್ದು ಆಸ್ಪತ್ರೆಯ ಹೊರಗೆ.

ಇದನ್ನು ನಮ್ಮ ದಾರಿಗಳ ಮೇಲೆ ಇಟ್ಟು ನೋಡೋಣ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೊಮೀಟರ್. ಕುಣಿಗಲ್‌ನಿಂದ ತುಮಕೂರಿಗೆ 36ರ ಆಸುಪಾಸು, ಬೆಂಗಳೂರಿಗೆ ಎಪ್ಪತ್ತು. ಪಶ್ಚಿಮಕ್ಕೆ ಹೊರಟರೆ ಬೆಳ್ಳೂರು ಕ್ರಾಸ್ ಬಳಿ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಸಿಗುತ್ತದೆ. ಆಂಜಿಯೊಪ್ಲಾಸ್ಟಿಗೆ, ಅಂದರೆ ಕಟ್ಟಿದ ನಾಳ ಬಿಡಿಸುವ ಚಿಕಿತ್ಸೆಗೆ, ಬೆಂಗಳೂರಿಗೇ ಓಡಬೇಕಿದ್ದ ಕಾಲ ಹೋಯಿತು, ತುಮಕೂರು ನಗರದಲ್ಲೇ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜಿನಂಥ ಕಡೆ ಹೃದ್ರೋಗ ಕೇಂದ್ರವಿದೆ. ಆದ್ದರಿಂದ ದಾರಿಗೆ ಬೇಕಾದದ್ದು ಹೆಚ್ಚೆಂದರೆ ಒಂದೆರಡು ಗಂಟೆ. ಉಳಿದ ಹೊತ್ತು "ಸ್ವಲ್ಪ ನೋಡೋಣ" ಎಂದು ಮನೆಯಲ್ಲಿ ಕಾಯುವುದರಲ್ಲಿ, "ಬೆಳಗಾಗಲಿ" ಎನ್ನುವುದರಲ್ಲಿ, ಗಾಡಿ ಹುಡುಕುವುದರಲ್ಲಿ, ಇಸಿಜಿ ಇಲ್ಲದ ಕ್ಲಿನಿಕ್ಕಿನ ಬಾಗಿಲಲ್ಲಿ ಹೋಗುತ್ತದೆ.

ಚಿಕಿತ್ಸೆಯ ನಿಯಮ ಇಲ್ಲಿ ಬಹಳ ಖಚಿತ. ರೋಗಿ ವೈದ್ಯರ ಕಣ್ಣಿಗೆ ಬಿದ್ದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. 120 ನಿಮಿಷದೊಳಗೆ ಆಂಜಿಯೊಪ್ಲಾಸ್ಟಿ ಆಗುವಂತಿದ್ದರೆ ಅದು ಮೇಲು. ಆಗದಿದ್ದರೆ ಇದ್ದಲ್ಲೇ ಹೆಪ್ಪು ಕರಗಿಸುವ ಮದ್ದು ಕೊಟ್ಟು ಮುಂದೆ ಕಳಿಸಬೇಕು. ನೋವು ಶುರುವಾದ ಮೊದಲ ಎರಡು ಮೂರು ಗಂಟೆಯಲ್ಲಿ ಆ ಮದ್ದಿಗೆ ಬಲ ಹೆಚ್ಚು. 12 ಗಂಟೆ ದಾಟಿದರೆ ಅದರಿಂದ ಲಾಭ ತೀರ ಕಡಿಮೆ. ನೆಲಮಂಗಲದ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡ ಆಂಬುಲೆನ್ಸಿಗೂ ಈ ನಿಯಮದಲ್ಲಿ ರಿಯಾಯಿತಿ ಇಲ್ಲ.

ಈ ಲೆಕ್ಕ ಹಿಡಿದೇ ಕರ್ನಾಟಕ ಸರ್ಕಾರ 'ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆ ತಂದಿತು. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ಅಗಲಿದ ನಟನ ಹೆಸರು ಅದಕ್ಕಿದೆ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಕಳಿಸುತ್ತಾರೆ. ಕಂಪ್ಯೂಟರಿನ ನೆರವಿನಿಂದ ಅದನ್ನು ಓದಿ, ಜಯದೇವದಂಥ ಕೇಂದ್ರದ ತಜ್ಞರು ಸಲಹೆ ಕೊಡುತ್ತಾರೆ. ಆಘಾತ ಖಚಿತವಾದರೆ ಅಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಹಾಸನದ ಸುದ್ದಿಯ ನಂತರ, 2025ರ ಜುಲೈನಲ್ಲಿ ಸರ್ಕಾರ ಇದನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಪ್ರಕಟಿಸಿತು. ನನ್ನ ತಿಳಿವಳಿಕೆಯಲ್ಲಿ ಗುಬ್ಬಿ, ಕುಣಿಗಲ್ ಹೃದಯಗಳ ಪಾಲಿಗೆ ಈ ದಶಕದ ಅತ್ಯಂತ ದೊಡ್ಡ ಆವಿಷ್ಕಾರ ಇದೇ. ಇದರಲ್ಲಿ ತೊಡುವ ವಸ್ತು ಒಂದೂ ಇಲ್ಲ.

ಹಾಗಾದರೆ ಯಾರಿಗೆ ಬೇಕು

ಇಷ್ಟು ಹೇಳಿದ ಮೇಲೆ ತೊಡುವ ಸಾಧನವೇ ವ್ಯರ್ಥ ಎಂದರೆ ಅದು ಅನ್ಯಾಯವಾಗುತ್ತದೆ. ಅದರ ಜಾಗ ಬೇರೆ, ಆ ಜಾಗದಲ್ಲಿ ಅದಕ್ಕೆ ಸಮನಾದದ್ದಿಲ್ಲ.

ಏಟ್ರಿಯಲ್ ಫಿಬ್ರಿಲೇಷನ್, ವೈದ್ಯರ ಬಾಯಲ್ಲಿ ಎ.ಎಫ್., ಎಂಬ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆಗಳು ಲಯ ಬಿಟ್ಟು ಅದುರುತ್ತವೆ. ಒಳಗೆ ನಿಂತ ರಕ್ತ ಹೆಪ್ಪಾಗಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ಇದು ಬಂದು ಹೋಗುವ ತೊಂದರೆ. ಆಸ್ಪತ್ರೆಗೆ ಹೋದ ಹೊತ್ತಿಗೆ ಇಸಿಜಿ ಸರಿಯಾಗಿಯೇ ಇರುತ್ತದೆ, 24 ಗಂಟೆಯ ಹೋಲ್ಟರಿನ ಕಣ್ಣಿಗೂ ಬೀಳದಿರಬಹುದು. ವಾರ, ಎರಡು ವಾರ ಎದೆಗೆ ಅಂಟಿರುವ ಪ್ಯಾಚು ಹಿಡಿಯುತ್ತದೆ. ಕಾರಣ ತಿಳಿಯದೆ ತಲೆಸುತ್ತಿ ಬೀಳುವವರು, ಆಗಾಗ ಎದೆ ಡವಗುಟ್ಟುತ್ತದೆ ಎನ್ನುವವರು, ಒಮ್ಮೆ ಲಕ್ವ ಹೊಡೆದವರು, ಹೃದಯದ ಶಸ್ತ್ರಚಿಕಿತ್ಸೆ ಆದವರು ಇವರಿಗೆಲ್ಲ ಅದು ದಾರಿ ತೋರಿಸುತ್ತದೆ. ಮರ ಹತ್ತುವ ಮನುಷ್ಯನಿಗೆ ಒಮ್ಮೆ ಕಣ್ಣು ಕತ್ತಲೆ ಬಂದಿದ್ದರೆ, ಅದು ಬಿಸಿಲಿನ ಬಳಲಿಕೆಯೋ ಹೃದಯ ಕ್ಷಣ ನಿಂತದ್ದೋ ಎಂದು ತಿಳಿಯುವುದು ಅವನ ಬದುಕಿನ ಪ್ರಶ್ನೆ.

ಇಲ್ಲಿ ಪರದೇಶದ ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬಾರದು. 2019ರಲ್ಲಿ ಪ್ರಕಟವಾದ ಆ್ಯಪಲ್ ಹಾರ್ಟ್ ಸ್ಟಡಿಯಲ್ಲಿ 4,19,297 ಜನರಿದ್ದರು. ಅವರಲ್ಲಿ ಲಯ ತಪ್ಪಿದ ಸೂಚನೆ ಬಂದದ್ದು ಶೇ 0.52 ಜನರಿಗೆ. ಸೂಚನೆ ಬಂದ ಮೇಲೆ ಪ್ಯಾಚ್ ತೊಟ್ಟು ಹಿಂದಿರುಗಿಸಿದ 450 ಮಂದಿಯಲ್ಲಿ ಶೇ 34ರಷ್ಟು ಜನರಲ್ಲಿ ಎ.ಎಫ್. ಕಂಡಿತು. ಡೆನ್ಮಾರ್ಕಿನ 'ಲೂಪ್' ಅಧ್ಯಯನ 2021ರಲ್ಲಿ ಇನ್ನೂ ಎಚ್ಚರಿಕೆಯ ಮಾತು ಹೇಳಿತು. 6,004 ಹಿರಿಯರಲ್ಲಿ ಕೆಲವರ ಚರ್ಮದಡಿ ಸದಾ ಎಚ್ಚರವಿರುವ ಯಂತ್ರ ಇಟ್ಟಾಗ ಎ.ಎಫ್. ಪತ್ತೆ ಶೇ 12.2ರಿಂದ 31.8ಕ್ಕೆ ಏರಿತು, ಆದರೆ ಪಾರ್ಶ್ವವಾಯು ಗಣನೀಯವಾಗಿ ಇಳಿಯಲಿಲ್ಲ. ಹೆಚ್ಚು ಹುಡುಕಿದರೆ ಹೆಚ್ಚು ಸಿಗುತ್ತದೆ. ಸಿಕ್ಕಿದ್ದೆಲ್ಲ ಕೊಲ್ಲುವ ರೋಗವಲ್ಲ.

ನಮ್ಮ ದೇಶದ ಕಥೆ ಬೇರೆ. ಭಾರತದ ಎ.ಎಫ್. ರೋಗಿಗಳ ದಾಖಲೆಯೊಂದರಲ್ಲಿ ಸರಾಸರಿ ವಯಸ್ಸು ಸುಮಾರು 55. ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ರುಮ್ಯಾಟಿಕ್ ಕವಾಟ ರೋಗವಿತ್ತು. ಚಿಕ್ಕಂದಿನಲ್ಲಿ ಬಂದ ಗಂಟಲು ಸೋಂಕಿಗೆ ಸರಿಯಾದ ಔಷಧ ಸಿಗದೆ, ವರ್ಷಗಳ ನಂತರ ಹೃದಯದ ಕವಾಟ ಕೆಡುವ ಕಾಯಿಲೆ ಇದು. ಬಡತನದ ರೋಗ, ಹೆಣ್ಣುಮಕ್ಕಳಲ್ಲಿ ಹೆಚ್ಚು. ಪ್ಯಾಚು ಅತ್ಯಂತ ಉಪಯೋಗಕ್ಕೆ ಬರಬೇಕಾದವರು ಅದನ್ನು ಕೊಳ್ಳಲಾರದ ಇಂಥವರು. ಐಷಾರಾಮಿ ವಾಚಿನ ಜಾಹೀರಾತಿನಲ್ಲಿ ಓಡುತ್ತಿರುವ ಇಪ್ಪತ್ತೈದರ ಯುವಕನಿಗೆ ಅದರ ಅಗತ್ಯ ಬಹಳ ಕಡಿಮೆ. ಆ್ಯಪಲ್ ಅಧ್ಯಯನದಲ್ಲಿ 40ರೊಳಗಿನವರಿಗೆ ಸೂಚನೆ ಬಂದದ್ದು ಶೇ 0.16 ಮಾತ್ರ.

ಕಾನೂನು, ಗುಟ್ಟು, ಭಾಷೆ

2020ರ ಏಪ್ರಿಲ್ 1ರಿಂದ ಭಾರತದಲ್ಲಿ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದವು. ಪರವಾನಗಿ ಹಂತಹಂತವಾಗಿ ಕಡ್ಡಾಯವಾಗಿ, ಅಪಾಯ ಹೆಚ್ಚಿನ ವರ್ಗಗಳಿಗೆ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಆದರೆ ಅಗ್ಗದ ವಾಚಿನ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ "ಇದು ವೈದ್ಯಕೀಯ ಸಾಧನವಲ್ಲ" ಎಂಬ ಇಂಗ್ಲಿಷ್ ಸಾಲಿರುತ್ತದೆ. ಆ ಸಾಲಿನ ಮರೆಯಲ್ಲಿ ಅದು ಕಾನೂನಿನಿಂದ ಹೊರಗುಳಿಯುತ್ತದೆ, ಡಬ್ಬಿಯ ಮುಂಭಾಗದಲ್ಲಿ ಹೃದಯದ ಚಿತ್ರ ದೊಡ್ಡದಾಗಿ ಇರುತ್ತದೆ. ಕೊಳ್ಳುವವರು ನೋಡುವುದು ಮುಂಭಾಗವನ್ನು.

ಎದೆಬಡಿತದ ದಾಖಲೆ ಮನೆಯೊಳಗಿನ ಗುಟ್ಟು. ವಿಮಾ ಕಂಪನಿಗೆ, ಕೆಲಸ ಕೊಡುವವರಿಗೆ ಅದು ತಲುಪಿದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಗೆ ಸಂಸತ್ತು ಕಾಯ್ದೆ ಮಾಡಿದೆ. ಒಪ್ಪಿಗೆ ಕೇಳದೆ ಮಾಹಿತಿ ಬಳಸುವಂತಿಲ್ಲ ಎಂಬುದು ಅದರ ತಿರುಳು. ಇಂಗ್ಲಿಷಿನ ಹತ್ತು ಪುಟದ ಕೆಳಗೆ "ಐ ಅಗ್ರೀ" ಒತ್ತುವ ಗುಬ್ಬಿಯ ತೆಂಗು ಬೆಳೆಗಾರ ಯಾವುದಕ್ಕೆ ಒಪ್ಪಿದ?

ಕನ್ನಡದ ಪ್ರಶ್ನೆಯೂ ಇಲ್ಲೇ ಇದೆ. ನಮ್ಮ ರಾಜ್ಯದ ಕಂಪನಿಯ ಯಂತ್ರ ನಮ್ಮ ರಾಜ್ಯದ ಮುದುಕಿಗೆ ಅಪಾಯದ ಸೂಚನೆ ಕೊಡುವಾಗ ಆ ಮಾತು ಕನ್ನಡದಲ್ಲಿರಬೇಕು, ಕಿವಿಗೆ ಕೇಳುವಂತಿರಬೇಕು, ಏನು ಮಾಡಬೇಕೆಂದು ಹೇಳುವಂತಿರಬೇಕು. "ಇರ್ರೆಗ್ಯುಲರ್ ರಿದಮ್" ಎಂಬ ಅಕ್ಷರ ಪರದೆಯ ಮೇಲೆ ಮಿನುಗಿದರೆ ಅದು ಕಂಪನಿಯ ಹೊಣೆ ತೀರಿಸೀತೇ ಹೊರತು ಆಕೆಯನ್ನು ಉಳಿಸಲಾರದು. ಪ್ಯಾಚಿನ ಅಂಟಿನ ವಿಷಯವೂ ಹಾಗೆ. ಏಪ್ರಿಲ್‌ನ ಬಿಸಿಲಿನಲ್ಲಿ ಬೆವರುವ ಎದೆಯ ಮೇಲೆ ಎಷ್ಟು ದಿನ ನಿಲ್ಲುತ್ತದೆ, ನವೆ ಬರುತ್ತದೋ ಇಲ್ಲವೋ, ತಲೆಗೆ ನೀರು ಹಾಕಿಕೊಂಡರೆ ಏನಾಗುತ್ತದೆ ಎಂಬುದನ್ನು ಹವಾನಿಯಂತ್ರಿತ ಪ್ರಯೋಗಾಲಯ ಹೇಳಲಾರದು. ತಂತ್ರಜ್ಞಾನ ಈ ನೆಲಕ್ಕೆ ಅಪರಿಚಿತವಲ್ಲ. 2023ರ ಫೆಬ್ರುವರಿ 6ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. 1963ರಿಂದ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಇಂಜಿನಿಯರುಗಳನ್ನು ಕೊಡುತ್ತಿದೆ. ಹೃದಯದ ಸಾಧನ ಮಾಡುವ ಕಂಪನಿಗಳು ತಮ್ಮ ಪರೀಕ್ಷೆಯ ಮೊದಲ ಹಂತಕ್ಕೇ ಈ ತೋಟಗಳಿಗೆ ಬರಬೇಕು. ಯಂತ್ರ ಮಾರಾಟಕ್ಕೆ ಸಿದ್ಧವಾದ ಮೇಲೆ ಬಂದರೆ ತಡವಾಗಿರುತ್ತದೆ.

ಕೊನೆಗೆ

ಒಟ್ಟು ಲೆಕ್ಕ ಹೀಗಿದೆ. ತೊಡುವ ಸಾಧನ ಹೃದಯದ ಲಯವನ್ನು ಕಾಯಬಲ್ಲದು, ಹೃದಯಾಘಾತವನ್ನು ತಡೆಯಲಾರದು. ವೈದ್ಯರು ಬರೆದ ಪ್ಯಾಚು ಸರಿಯಾದ ರೋಗಿಯ ಎದೆ ಮೇಲಿದ್ದು, ಆ ತುದಿಯಲ್ಲಿ ಓದುವ ವೈದ್ಯರಿದ್ದರೆ ಅದು ವರ. ಓದುವವರಿಲ್ಲದೆ ಬರೆದಿಟ್ಟ ಬಡಿತ ಯಾರೂ ಒಡೆಯದ ಕಾಗದ.

ಸರ್ಕಾರಕ್ಕೆ ಒಂದು ಬೇಡಿಕೆ. ಹೃದಯ ಜ್ಯೋತಿ ಯಾವ ತಾಲ್ಲೂಕಿನಲ್ಲಿ ದಿನದ 24 ಗಂಟೆಯೂ ನಡೆಯುತ್ತಿದೆ, ಮದ್ದು ದಾಸ್ತಾನಿದೆಯೇ, ಇಸಿಜಿಗೆ ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು ಪ್ರತಿ ತಿಂಗಳು ಆಸ್ಪತ್ರೆಯ ಗೋಡೆಯ ಮೇಲೆ ಬರೆಯಲಿ. ದೀರ್ಘಕಾಲ ಜಯದೇವ ಸಂಸ್ಥೆಯನ್ನು ನಡೆಸಿದ ಡಾ. ಸಿ.ಎನ್. ಮಂಜುನಾಥ್ 2024ರಿಂದ ಬೆಂಗಳೂರು ಗ್ರಾಮಾಂತರದ ಸಂಸದರು, ಕುಣಿಗಲ್ ಅವರ ಕ್ಷೇತ್ರದಲ್ಲೇ ಇದೆ. ರುಮ್ಯಾಟಿಕ್ ರೋಗಿಗಳಿಗೆ ಪ್ಯಾಚ್ ಪರೀಕ್ಷೆ ಸರ್ಕಾರಿ ವಿಮೆಯಡಿ ಸಿಗಬೇಕೆಂಬ ಮಾತನ್ನು ಅವರಿಗಿಂತ ಚೆನ್ನಾಗಿ ತಿಳಿದು ಹೇಳಬಲ್ಲವರು ಸಂಸತ್ತಿನಲ್ಲಿ ಹೆಚ್ಚಿಲ್ಲ.

ಅಪ್ಪನಿಗೆ ವಾಚು ಕೊಡಿಸಬೇಕೆಂದ ಮಗನಿಗೆ, ಮಗಳಿಗೆ ನನ್ನ ಮಾತು ಇಷ್ಟು. ಮೊದಲು ಒಂದು ಬಿಪಿ ಯಂತ್ರ ಕೊಡಿಸಿ, ವಾರಕ್ಕೊಮ್ಮೆ ನೋಡಿ ಬರೆದಿಡಿ. ಸಕ್ಕರೆ ಪರೀಕ್ಷೆ ಮಾಡಿಸಿ. ಬೀಡಿ ಬಿಡಿಸಿ, ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು ಬಿಡಿಸಿ. ಆಮೇಲೆ ವಾಚು ಬೇಕಿದ್ದರೆ ಕೊಡಿಸಿ, ಅದು ಏನನ್ನು ಹೇಳಲಾರದು ಎಂಬುದನ್ನೂ ತಿಳಿಸಿ ಕೊಡಿಸಿ. ಮತ್ತು ಅಡುಗೆಮನೆಯ ಗೋಡೆಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದಿಡಿ: ಎದೆ ಬಿಗಿದು ಬೆವರು ಬಂದರೆ ವಾಚು ನೋಡಬೇಡಿ, ಸೋಡಾ ಕುಡಿಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ, ಮೊದಲು ಇಸಿಜಿ ತೆಗೆಯಿರಿ ಎಂದು ಕೇಳಿ.